ಕತ್ತರಿಸಿಟ್ಟ ಉಸಿರುಗಳು

೧೧ ಜನವರಿ ೧೯೮೮, ಸೋಮವಾರ
ಬೆರ್ಗೆನ್

ಶ್ರೀಮತಿ ಗುನ್ವೋರ್ ಹೋಲ್ಟೆ ಅವರಿಗೆ,

‘ಮುಳ್ಳುಬೇಲಿಯ ಆಚೆ’ ಚಿತ್ರಕ್ಕೆ ಬರುವ ಡಿಸೆಂಬರಿಗೆ ಇಪ್ಪತ್ತೈದು ವರ್ಷ ತುಂಬುತ್ತದೆ. ಹೊಸ ಪ್ರತಿಗಳನ್ನು ತೆಗೆಯುವುದೆಂದು ತೀರ್ಮಾನವಾಗಿ, ಧ್ವನಿಯನ್ನು ಶುಚಿ ಮಾಡುವ ಕೆಲಸ ನನಗೆ ಬಂದಿದೆ. ನಾನು ಎಂಡ್ರೆ ಸ್ಟೆನ್ಸ್‌ವಿಕ್, ಆ ಚಿತ್ರದ ಧ್ವನಿಮುದ್ರಣ ಮಾಡಿದವನು. ಇಟ್ಟಿಗೆ ಕಾರ್ಖಾನೆಯನ್ನು ಸ್ಟುಡಿಯೋ ಮಾಡಿಕೊಂಡಿದ್ದೆವಲ್ಲ, ಅಲ್ಲಿ ನಿಮ್ಮ ಹಾಸಿಗೆಯಿಂದ ನಾಲ್ಕು ಗಜ ದೂರದಲ್ಲಿ ಯಂತ್ರದ ಹಿಂದೆ ಕೂತಿರುತ್ತಿದ್ದೆ. ನಿಮಗೆ ನೆನಪಿರಬೇಕೆಂದೇನೂ ಇಲ್ಲ. ನಿದ್ದೆಹೋದ ರಾಜಕುಮಾರಿಯ ಪಾತ್ರಕ್ಕಾಗಿ ನೀವು ಕಣ್ಣು ಮುಚ್ಚಿ ಮಲಗಿರಬೇಕಾಗಿತ್ತು.

ಈ ಹದಿನೈದು ದಿನದಿಂದ ಚಿತ್ರವನ್ನು ಪರದೆಯಿಲ್ಲದೆ, ಬರೀ ಕಿವಿಯಲ್ಲಿ ನೋಡುತ್ತಿದ್ದೇನೆ. ಮಕ್ಕಳ ಹಳೆಯ ಕಥೆಗಳನ್ನು ತಿರುವಿ ಹೆಣೆದದ್ದರಲ್ಲಿ, ತೋಳ ಮುದುಕಿಯ ಮನೆಗೆ ಊಟಕ್ಕಲ್ಲ, ಹಾಡು ಕಲಿಯಲು ಬರುವ ಭಾಗ ಈಗಲೂ ಚೆನ್ನಾಗಿದೆ. ಸಿಹಿರೊಟ್ಟಿಯ ಮನೆಯ ಮಾಟಗಾತಿ ಕಳೆದುಹೋದ ತನ್ನ ಮಕ್ಕಳಿಗಾಗಿ ಹಿಟ್ಟು ನಾದುತ್ತಾ ಹಾಡುವಾಗ ಮಣೆಯ ಸದ್ದು ಸ್ವಲ್ಪ ಜೋರಾಯಿತು. ಅದು ನನ್ನ ತಪ್ಪು. ಕೊನೆಯ ಹಾಡಿನಲ್ಲಿ ಮಾತ್ರ ಒಂದು ತೊಡಕಿದೆ. ನಿದ್ದೆಯಲ್ಲಿರುವ ರಾಜಕುಮಾರಿ ತುಟಿ ಅಲುಗಿಸದೆ, ನೂರು ವರ್ಷ ತನ್ನ ಸುತ್ತ ಆಡಿದ ಮಾತನ್ನೆಲ್ಲ ಕೇಳಿಸಿಕೊಂಡೆ ಎಂದು ಹಾಡುವ ಹಾಡು: ‘ಬಾಗಿಲು ತಟ್ಟಬೇಡಿ, ನಾನು ಎಚ್ಚರವಾಗಿಯೇ ಇದ್ದೇನೆ.’

ಆ ಹಾಡಿನಲ್ಲಿ ಉಸಿರಿನ ಸದ್ದು ಇರಬಾರದೆಂದು ನಿರ್ದೇಶಕ ಬುಗ್ಗೆ ಹೇಳಿದ್ದರು. ನೂರು ವರ್ಷ ಮಲಗಿದವಳು ಏದುಸಿರು ಬಿಡಬಾರದು ಎಂಬುದು ಅವರ ವಾದ. ಸಾಲು ಸಾಲಿನ ನಡುವೆ ಹಾಡುಗಾತಿ ಉಸಿರೆಳೆದ ಕಡೆಯೆಲ್ಲ ನಾನು ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ಆ ಜಾಗಕ್ಕೆ ಖಾಲಿ ಕೋಣೆಯ ಮೌನವನ್ನು ಅಂಟಿಸಿದೆ. ಆಗ ಹಾಗೆಯೇ ಮಾಡುತ್ತಿದ್ದೆವು. ಕತ್ತರಿಸಿದ ತುಂಡುಗಳನ್ನು ಎಸೆಯುವ ಅಭ್ಯಾಸ ನನಗಿರಲಿಲ್ಲ. ಮೂವತ್ತೊಂದು ತುಂಡುಗಳಿರುವ ಲಕೋಟೆ ಮೊನ್ನೆ ಸಿಕ್ಕಿತು.

ನನ್ನ ಪ್ರಶ್ನೆ ಸಣ್ಣದು. ಮೂಲ ಟೇಪಿನ ಡಬ್ಬಿಯ ಮೇಲೆ ಬುಗ್ಗೆಯ ಕೈಬರಹದಲ್ಲಿ ‘ಗುನ್ವೋರ್, ಮೂರನೆಯ ಮುದ್ರಣ, ೧೫ ಡಿಸೆಂಬರ್ ೧೯೬೨’ ಎಂದಿದೆ. ಆ ಶನಿವಾರ ಯಾವ ಮುದ್ರಣವೂ ನಡೆಯಲಿಲ್ಲವೆಂದು ನನ್ನ ದಿನಚರಿ ಹೇಳುತ್ತದೆ. ಆ ಹಾಡನ್ನು ನೀವು ಯಾವ ದಿನ, ಯಾರ ಮುಂದೆ ಹಾಡಿದಿರಿ ಎಂದು ನೆನಪಿದ್ದರೆ ತಿಳಿಸಬೇಕು.

ಗೌರವದಿಂದ,
ಎಂಡ್ರೆ ಸ್ಟೆನ್ಸ್‌ವಿಕ್

•

೨ ಫೆಬ್ರವರಿ ೧೯೮೮
ಸ್ಕಾರ್ವೊಯ್

ಶ್ರೀ ಸ್ಟೆನ್ಸ್‌ವಿಕ್ ಅವರಿಗೆ,

ನಿಮ್ಮ ಪತ್ರ ತಲುಪಿತು. ಈ ದ್ವೀಪದ ಅಂಗಡಿಯಲ್ಲಿ ಅಂಚೆ ಕಿಟಕಿಯೂ ಇದೆ, ಅದರ ಹಿಂದೆ ಕೂರುವವಳು ನಾನೇ. ಆದ್ದರಿಂದ ಪತ್ರ ಕಳೆದುಹೋಯಿತೆಂದು ಹೇಳುವ ಅನುಕೂಲ ನನಗಿಲ್ಲ.

ಹಾಡನ್ನು ಯಾವ ದಿನ ಹಾಡಿದ್ದೆಂದು ನೆನಪಿಲ್ಲ. ಆ ಚಳಿಗಾಲ ನನ್ನ ಗಂಟಲು ಕೆಟ್ಟಿತ್ತು, ದಿನಾಂಕಗಳು ಅದಲುಬದಲಾಗಿವೆ. ಬುಗ್ಗೆ ಬರೆದದ್ದನ್ನೇ ನಂಬಿ.

ಉಸಿರುಗಳನ್ನು ಮರಳಿ ಸೇರಿಸುವ ಯೋಚನೆ ನಿಮಗಿದೆಯೋ ಇಲ್ಲವೋ ನೀವು ಹೇಳಿಲ್ಲ. ಇದ್ದರೆ, ದಯವಿಟ್ಟು ಬೇಡ. ಜನಕ್ಕೆ ಆ ಹಾಡು ಇರುವಂತೆಯೇ ಅಭ್ಯಾಸವಾಗಿದೆ. ಕ್ರಿಸ್ಮಸ್ ಹಿಂದಿನ ದಿನ ಬೆಳಿಗ್ಗೆ ಹನ್ನೊಂದಕ್ಕೆ ಟಿ.ವಿ.ಯಲ್ಲಿ ಅದು ಬರುವ ಹೊತ್ತಿಗೆ ಇಲ್ಲಿಯ ರಸ್ತೆಯಲ್ಲಿ ನಡೆದರೆ, ಒಂದು ಮನೆಯ ಕಿಟಕಿಯಲ್ಲಿ ಶುರುವಾದ ಸಾಲು ಮುಂದಿನ ಮನೆಯ ಕಿಟಕಿಯಲ್ಲಿ ಮುಗಿಯುತ್ತದೆ. ಒಂದು ವರ್ಷ ಹಾಗೆ ನಡೆದು ನೋಡಿದೆ. ಮತ್ತೆ ನಡೆಯಲಿಲ್ಲ. ಈಗ ನೆರೆಯ ಮಾರೆನ್ ಮನೆಯಲ್ಲಿ ಕೂತು ನೋಡುತ್ತೇನೆ. ಅವರಿಗೆ ಎಂಬತ್ತೆರಡು, ಒಬ್ಬರೇ ಇರುತ್ತಾರೆ.

ಇಲ್ಲಿಯವರಿಗೆ ನಾನು ಇನ್ನೂ ಅದೇ ಚಿತ್ರದವಳು. ಮೀನುದೋಣಿಯ ಒಡ್ಮುಂಡ್ ಬೆಳಿಗ್ಗೆ ಬಂದು ಕಿಟಕಿ ತಟ್ಟಿ, “ಮಹಾರಾಣಿಯವರೇ, ಎದ್ದಿದ್ದೀರಾ? ಇಲ್ಲಾ ನಾನೇ ಮುತ್ತು ಕೊಟ್ಟು ಎಬ್ಬಿಸ್ಬೇಕಾ? ಒಂದು ಪೊಟ್ಟಣ ತಂಬಾಕು ಕೊಡಿ” ಎನ್ನುತ್ತಾನೆ. ಹತ್ತೊಂಬತ್ತು ವರ್ಷದಿಂದ ಇದೇ ತಮಾಷೆ. ನಾನೂ ಅದೇ ಉತ್ತರ ಕೊಡುತ್ತೇನೆ: “ಮೊದಲು ಮೀಸೆ ತೊಳ್ಕೊಂಡು ಬಾ.” ನನಗೆ ಇಷ್ಟು ಖ್ಯಾತಿ ಸಾಕು.

ನಿಮ್ಮ ಕೆಲಸ ಚೆನ್ನಾಗಿ ನಡೆಯಲಿ.

ಗುನ್ವೋರ್ ಹೋಲ್ಟೆ

•

೯ ಫೆಬ್ರವರಿ ೧೯೮೮
ಬೆರ್ಗೆನ್

ಶ್ರೀಮತಿ ಹೋಲ್ಟೆ ಅವರಿಗೆ,

ಉಸಿರುಗಳನ್ನು ನಾನು ಆಗಲೇ ಸೇರಿಸಿದ್ದೇನೆ. ಮೊದಲ ಪತ್ರದಲ್ಲಿ ಇದನ್ನು ಬರೆಯಬೇಕಾಗಿತ್ತು.

ಹಾಡಿಗೆ ಸೇರಿಸುವ ಮೊದಲು ಮೂವತ್ತೊಂದು ತುಂಡುಗಳನ್ನೂ ಒಂದರ ಹಿಂದೊಂದು ಅಂಟಿಸಿ ಕೇಳಿದೆ. ಎಲ್ಲಾ ಸೇರಿ ಇಪ್ಪತ್ತನಾಲ್ಕು ಸೆಕೆಂಡು. ಪದವಿಲ್ಲ, ಸ್ವರವಿಲ್ಲ. ಒಬ್ಬಳು ಹಾಡಲು ಮತ್ತೆ ಮತ್ತೆ ಸಿದ್ಧಳಾಗುತ್ತಾಳೆ, ಹಾಡುವುದಿಲ್ಲ. ಆಕೆ ಉಸಿರನ್ನು ಒಂದೇ ಸಲ ಎಳೆಯುವುದಿಲ್ಲ. ಅರ್ಧ ಎಳೆದು, ಮೆಟ್ಟಿಲ ಮೇಲೆ ತುಸು ನಿಂತಂತೆ ನಿಂತು, ಉಳಿದರ್ಧ ಎಳೆಯುತ್ತಾಳೆ. ನಿಮ್ಮ ಉಸಿರು ಹಾಗಿಲ್ಲ. ಉಳಿದ ಐದು ಹಾಡುಗಳಲ್ಲಿ ಅದು ನನಗೆ ಚೆನ್ನಾಗಿ ಗೊತ್ತು. ಅದು ಮೇಳದ ಹುಡುಗಿ ಆಲ್ವಿಲ್ಡೆ ನೆಸ್‌ಹೈಮ್‌ಳದು. ಚಿಕ್ಕಂದಿನಲ್ಲಿ ಎದೆರೋಗವಾಗಿತ್ತೆಂದು ಅವಳೇ ಹೇಳಿದ್ದಳು. ನೀವು ಬರುವ ಮೊದಲು, ದೀಪಗಳನ್ನು ಹೊಂದಿಸಲೆಂದು, ನಿಮ್ಮ ಹಾಸಿಗೆಯಲ್ಲಿ ಮಲಗುತ್ತಿದ್ದವಳು. ನಿಮ್ಮ ಹಾಡುಗಳನ್ನು ಮೊದಲು ನಮೂನೆಗೆಂದು ಹಾಡಿ ಕೊಡುತ್ತಿದ್ದವಳೂ ಅವಳೇ.

ನನ್ನ ಅನುಮಾನವನ್ನು ಇನ್ನೊಂದು ಸುರುಳಿ ಖಚಿತ ಮಾಡಿತು. ಪ್ರತಿ ದೃಶ್ಯ ಮುಗಿದ ಮೇಲೆ ನಾನು ಎಲ್ಲರನ್ನೂ ಅಲುಗದೆ ನಿಲ್ಲಿಸಿ ಒಂದು ನಿಮಿಷ ಕೋಣೆಯ ಮೌನವನ್ನು ಮುದ್ರಿಸುತ್ತಿದ್ದೆ. ಬೇಸರಪಟ್ಟುಕೊಂಡು ನೀವು ಕಾಲು ಬದಲಿಸುತ್ತಿದ್ದಿರಿ, ಅದೂ ಕೇಳಿಸುತ್ತದೆ. ಡಿಸೆಂಬರ್ ಹದಿಮೂರರ ಮೌನದಲ್ಲಿ ಮೈಕಿಗೆ ತೀರ ಹತ್ತಿರ ಅದೇ ಎರಡು ಮೆಟ್ಟಿಲಿನ ಉಸಿರು ಇದೆ. ಮರುದಿನ, ಶುಕ್ರವಾರದ ದೋಣಿಯಲ್ಲಿ ಅವಳು ಊರಿಗೆ ಹೊರಟಳು. ಆ ದೋಣಿ ಕೊಲ್ಲಿಯ ಬಾಯಲ್ಲಿ ಮಗುಚಿತು. ಹನ್ನೊಂದು ಜನ.

ನನಗೆ ಕಾಣುವುದು ಇಷ್ಟು. ಸತ್ತವಳು ಕೇಳಲು ಬರುವುದಿಲ್ಲವೆಂದು ನೀವೂ ಬುಗ್ಗೆಯೂ ಸೇರಿ ಅವಳ ಹಾಡಿಗೆ ನಿಮ್ಮ ಹೆಸರಿಟ್ಟಿರಿ. ಬುಗ್ಗೆ ತೀರಿಕೊಂಡು ಒಂಬತ್ತು ವರ್ಷವಾಯಿತು. ಆ ಡಬ್ಬಿಯ ಮೇಲಿನ ಬರಹವನ್ನು ನಂಬಿ ಮೋಸಹೋದವನು ನಾನು. ಯಾರ ಉಸಿರನ್ನು ಕತ್ತರಿಸುತ್ತಿದ್ದೇನೆಂದು ಆಗ ನನಗೆ ತಿಳಿದಿರಲಿಲ್ಲ.

ಅಕ್ಟೋಬರಿನಲ್ಲಿ, ಪರದೆಯ ಮೇಲೆ ಬರುವ ಹೆಸರುಗಳ ಫಲಕವನ್ನು ಹೊಸದಾಗಿ ಚಿತ್ರೀಕರಿಸುತ್ತಾರೆ. ಅದರಲ್ಲಿ ಅವಳ ಹೆಸರಿರಬೇಕು, ಅದಕ್ಕೆ ಮನೆಯವರ ಒಪ್ಪಿಗೆ ಬೇಕು. “ಹೊರಗಡೆ ದ್ವೀಪದವಳು” ಎಂದಷ್ಟೇ ಅವಳು ಹೇಳುತ್ತಿದ್ದಳು. ನೆಸ್‌ಹೈಮ್ ಎಂಬ ಮನೆತನ ನಿಮ್ಮ ಕಡೆ ಇದೆಯೇ? ನೀವೇ ಅಂಚೆಯವರಾದ್ದರಿಂದ ಕೇಳುತ್ತಿದ್ದೇನೆ.

ಎಂಡ್ರೆ ಸ್ಟೆನ್ಸ್‌ವಿಕ್

•

೨೦ ಏಪ್ರಿಲ್ ೧೯೮೮
ಸ್ಕಾರ್ವೊಯ್

ಎಂಡ್ರೆ ಸ್ಟೆನ್ಸ್‌ವಿಕ್ ಅವರಿಗೆ,

ಹತ್ತು ವಾರ ತಡವಾಯಿತು. ಈ ನಡುವೆ ನಾಲ್ಕು ಪತ್ರ ಬರೆದು ಅಂಗಡಿಯ ಒಲೆಗೆ ಹಾಕಿದೆ.

ಮಾರೆನ್ ಎಂದು ಬರೆದಿದ್ದೆನಲ್ಲ, ಅವರ ಪೂರ್ತಿ ಹೆಸರು ಮಾರೆನ್ ನೆಸ್‌ಹೈಮ್. ಆಲ್ವಿಲ್ಡೆಯ ತಾಯಿ. ನನ್ನ ಅಡುಗೆಮನೆ ಕಿಟಕಿಯಿಂದ ಅವರ ಬಾಗಿಲಿಗೆ ನಲವತ್ತು ಹೆಜ್ಜೆ.

೧೯೬೯ರ ಬೇಸಿಗೆಯಲ್ಲಿ ಅವರಿಗೆ ವಿಷಯ ಹೇಳಿ ಸಂಜೆಯ ದೋಣಿಗೆ ಮರಳುವುದೆಂದು ಇಲ್ಲಿಗೆ ಬಂದೆ. ಬಾಗಿಲು ತೆಗೆದವರು ನನ್ನ ಮುಖ ನೋಡಿ, “ಓ, ನಿದ್ದೆ ಹುಡುಗಿ! ಬಾ ಒಳಗೆ, ಗಾಳಿ ನುಗ್ಗುತ್ತೆ, ಬಾಗಿಲು ಹಾಕು” ಎಂದರು. ಕಾಫಿ ಕೊಟ್ಟರು. ಸಂಜೆಯ ದೋಣಿ ಹೋಯಿತು. ಆ ವಾರ ಅಂಗಡಿಗೆ ಒಬ್ಬರು ಬೇಕಾಗಿತ್ತು. ಹೀಗೆ ಉಳಿದೆ. ಅವರ ಕಟ್ಟಿಗೆ ಒಡೆಯುತ್ತೇನೆ, ಪತ್ರಿಕೆ ಓದಿ ಹೇಳುತ್ತೇನೆ. ಅವರು ನನ್ನನ್ನು ಬೈಯುತ್ತಾರೆ. “ನಿನ್ನ ಕೈಗೆ ಕೊಡಲಿ ಕೊಟ್ರೆ ಕಟ್ಟಿಗೆ ನಗುತ್ತೆ ಕಣೇ” ಎನ್ನುತ್ತಾರೆ. ನನ್ನ ತಾಯಿ ಕೂಡ ನನ್ನನ್ನು ಇಷ್ಟು ಬೈದಿರಲಿಲ್ಲ.

ಹಾಡು ಅವಳದೇ. ನೀವು ಬರೆದದ್ದು ಅಷ್ಟರಮಟ್ಟಿಗೆ ಸರಿ. ಆದರೆ ಅವಳು ಸತ್ತ ಮೇಲೆ ಕದ್ದದ್ದಲ್ಲ. ಬದುಕಿದ್ದಾಗಲೇ ಬುಗ್ಗೆ ಅವಳ ನಮೂನೆಯನ್ನೇ ಇಟ್ಟುಕೊಳ್ಳುವುದೆಂದು ನಿಶ್ಚಯಿಸಿದ್ದರು. “ತುಟಿ ಅಲುಗೋದಿಲ್ಲವಲ್ಲ ಗುನ್ವೋರ್, ಯಾರು ಹಾಡಿದ್ರೇನು? ಆ ಹುಡುಗಿ ಹಾಡಿದ್ರಲ್ಲಿ ನಿದ್ದೆ ಇದೆ, ನಿನ್ನದ್ರಲ್ಲಿ ನಟನೆ ಇದೆ” ಎಂದು ನನಗೆ ಹೇಳಿದರು. ಅವಳು ಸೋಮವಾರ ಒಪ್ಪಂದಕ್ಕೆ ಸಹಿ ಹಾಕಬೇಕಾಗಿತ್ತು, ಹೆಸರು ಬರಬೇಕಾಗಿತ್ತು. ಸಹಿ ಆಗಲಿಲ್ಲ. ಸಹಿಯಿಲ್ಲದೆ ದನಿ ಬಳಸಿದರೆ ತೊಂದರೆಯೆಂದು ಬುಗ್ಗೆ ಡಬ್ಬಿಯ ಮೇಲೆ ನನ್ನ ಹೆಸರು ಬರೆದರು. ನಾನು ಸುಮ್ಮನಿದ್ದೆ.

ಮಾರೆನ್‌ಗೆ ಇದು ಗೊತ್ತಿಲ್ಲ. ಅವರಿಗೆ ಆ ಹಾಡು ಇಷ್ಟವೂ ಇಲ್ಲ. ಪ್ರತಿ ವರ್ಷ ನಾವಿಬ್ಬರೂ ಕೂತು ಚಿತ್ರ ನೋಡುತ್ತೇವೆ. ತೋಳಕ್ಕೆ ನಗುತ್ತಾರೆ, ಮಾಟಗಾತಿಗೆ ಮೂಗು ಒರೆಸಿಕೊಳ್ಳುತ್ತಾರೆ. ಕೊನೆಯ ಹಾಡು ಶುರುವಾದೊಡನೆ ಎದ್ದು, ಹಾಲು-ಅಕ್ಕಿಯ ಗಂಜಿ ತಳ ಹಿಡಿಯುತ್ತದೆಂದು ಅಡುಗೆಮನೆಗೆ ಹೋಗಿಬಿಡುತ್ತಾರೆ. ನನ್ನ ಹಾಡುಗಾರಿಕೆಯ ಬಗ್ಗೆ ಅವರ ಅಭಿಪ್ರಾಯ ಅದು ಎಂದುಕೊಂಡು ನಾನೂ ಏನೂ ಕೇಳಿಲ್ಲ.

ಅವರಿಗೆ ನೀವು ಬರೆಯಬೇಡಿ. ಅವರ ಪತ್ರಗಳು ನನ್ನ ಕೈಯಲ್ಲೇ ಹೋಗುತ್ತವೆ. ನನ್ನನ್ನು ಆ ಪರೀಕ್ಷೆಗೆ ಒಡ್ಡಬೇಡಿ.

ಗುನ್ವೋರ್

•

೨ ಮೇ ೧೯೮೮
ಬೆರ್ಗೆನ್

ಗುನ್ವೋರ್ ಅವರಿಗೆ,

ನಾನು ಬರೆಯುವುದಿಲ್ಲ. ಮಾತು ಕೊಡುತ್ತೇನೆ.

ನಿಮ್ಮ ಪತ್ರವನ್ನು ಹಲವು ಸಲ ಓದಿದೆ. ಒಂದು ಕಡೆ ನೀವು ತಪ್ಪು ತಿಳಿದಿದ್ದೀರಿ ಎನಿಸುತ್ತದೆ. ಇಡೀ ಚಿತ್ರಕ್ಕೆ ಕೂತು, ಆ ಒಂದು ಹಾಡಿಗೆ, ಪ್ರತಿ ವರ್ಷ ಎದ್ದುಹೋಗುವ ತಾಯಿ. ನಾನು ಜೀವಮಾನವಿಡೀ ಸದ್ದು ಕೇಳಿಯೇ ಅನ್ನ ಉಂಡವನು. ಆದರೂ ಒಬ್ಬ ತಾಯಿಯ ಕಿವಿಗೆ ನನ್ನ ಯಂತ್ರವನ್ನು ಹೋಲಿಸಲಾರೆ. ಗಂಜಿಯ ವಿಷಯವನ್ನು ನೀವು ಅವರಲ್ಲೇ ಕೇಳಬೇಕು.

ಇನ್ನೊಂದು ವಿಷಯ. ಇದನ್ನು ಕೇಳಲು ನನಗೆ ಹಿತವಿಲ್ಲ. ಡಿಸೆಂಬರ್ ಹದಿನಾಲ್ಕರ ಬೆಳಿಗ್ಗೆ ಬುಗ್ಗೆ ನನ್ನ ಬಳಿ ಬಂದು, “ಹುಡುಗಿ ಸೋಮವಾರದವರೆಗೂ ಇರ್ತಾಳೆ, ಒಪ್ಪಂದದ ಕಾಗದ ನಿನ್ನ ಮೇಜಿನ ಮೇಲಿಟ್ಟುಕೊ. ಅವಳಿಗೆ ಗುನ್ವೋರ್ ಹೇಳ್ತಾಳೆ” ಎಂದರು. ದಿನಚರಿಯಲ್ಲಿ ಈ ಮಾತು ಹಾಗೇ ಇದೆ. ಮತ್ತೆ ಆಲ್ವಿಲ್ಡೆ ಶುಕ್ರವಾರದ ದೋಣಿಯನ್ನು ಏಕೆ ಹಿಡಿದಳು?

ಉಸಿರು ಸೇರಿಸಿದ ಹಾಡನ್ನು ಕ್ಯಾಸೆಟ್ಟಿನಲ್ಲಿ ಕಳಿಸುತ್ತಿದ್ದೇನೆ. ಕೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಒಮ್ಮೆ ಕೇಳಿದ ಮೇಲೆ ಆ ದಿನ ಕೆಲಸ ಮಾಡಲಾಗಲಿಲ್ಲ. ಮೊದಲು ಆ ಹಾಡು ಎಲ್ಲಿಂದಲೋ ಬರುತ್ತಿತ್ತು. ಈಗ ಪಕ್ಕದ ಕುರ್ಚಿಯಿಂದ ಬರುತ್ತದೆ.

ಎಂಡ್ರೆ

•

೨೦ ಮೇ ೧೯೮೮
ಸ್ಕಾರ್ವೊಯ್

ಕ್ಯಾಸೆಟ್ ತಲುಪಿತು. ಕೇಳಿಲ್ಲ. ನನ್ನ ಬಳಿ ಯಂತ್ರವಿಲ್ಲ.

ಗು. ಹೋ.

•

೩೦ ಆಗಸ್ಟ್ ೧೯೮೮
ಬೆರ್ಗೆನ್

ಗುನ್ವೋರ್,

ಬೇಸಿಗೆ ಪೂರ್ತಿ ನಿನ್ನ ಪತ್ರಕ್ಕೆ ಕಾದೆ. ನಿನ್ನ ಅಂಗಡಿಯಲ್ಲಿ ಕ್ಯಾಸೆಟ್ ಯಂತ್ರಗಳನ್ನು ಮಾರುತ್ತಾರೆಂದು ಇಲ್ಲಿಯ ವ್ಯಾಪಾರಿಯೊಬ್ಬ ಹೇಳಿದ. ಹೋಗಲಿ, ಅದನ್ನು ಹಿಡಿದು ಜಗಳವಾಡಲು ಬರೆಯುತ್ತಿಲ್ಲ. ಏಕವಚನಕ್ಕೆ ಕ್ಷಮಿಸು. ಸ್ಟುಡಿಯೋದಲ್ಲಿ ಎಲ್ಲರೂ ಹಾಗೆಯೇ ಮಾತಾಡುತ್ತಿದ್ದೆವು. ಈಗ ಹೇಳಬೇಕಾದ್ದನ್ನು ಬಹುವಚನದಲ್ಲಿ ಹೇಳಲು ಆಗುತ್ತಿಲ್ಲ.

ಫೆಬ್ರವರಿಯ ಪತ್ರದಲ್ಲಿ ನಾನು ಸುಳ್ಳು ಬರೆದಿದ್ದೆ. ಯಾರ ಉಸಿರೆಂದು ಆಗ ಗೊತ್ತಿರಲಿಲ್ಲವೆಂದೆ. ಗೊತ್ತಿತ್ತು.

೧೯೬೩ರ ಜನವರಿ. ಅವಳ ದೇಹ ಸಿಕ್ಕಿರಲಿಲ್ಲ. ಬುಗ್ಗೆ ಡಬ್ಬಿ ತಂದು ಮೇಜಿನ ಮೇಲಿಟ್ಟು, “ಉಸಿರೆಲ್ಲ ತೆಗೆದುಬಿಡು. ಒಂದೂ ಉಳಿಯಬಾರದು” ಎಂದರು. ನಾನು ಟೇಪನ್ನು ಕೈಯಲ್ಲೇ ಹಿಂದೆ ಮುಂದೆ ಎಳೆದು ಕತ್ತರಿಸುವ ಜಾಗ ಹುಡುಕುತ್ತಿದ್ದೆ. ನಿಧಾನಕ್ಕೆ ಎಳೆದರೆ ಉಸಿರು ದೂರದ ಗಾಳಿಯಂತೆ ಕೇಳಿಸುತ್ತದೆ. ಮೊದಲ ಉಸಿರು. ಅರ್ಧ, ನಿಲುಗಡೆ, ಅರ್ಧ. ಬ್ಲೇಡು ಕೈಯಲ್ಲಿತ್ತು. ಡಬ್ಬಿಯನ್ನು ತಿರುಗಿಸಿ ನೋಡಿದೆ, ‘ಗುನ್ವೋರ್’ ಎಂದು ಬರೆದಿತ್ತು. ಹಾಗೆ ಬರೆದಿದ್ದರೆ ಹಾಗೇ ಇರಬೇಕು ಎಂದುಕೊಂಡೆ. ಹಾಗೆ ಎಂದುಕೊಂಡದ್ದು ಒಂದು ಸಲವಲ್ಲ. ಮೂವತ್ತೊಂದು ಸಲ ಎಂದುಕೊಂಡೆ, ಮೂವತ್ತೊಂದು ಸಲ ಕತ್ತರಿಸಿದೆ. ಬುಗ್ಗೆ ಉಸಿರು ತೆಗೆಸಿದ್ದು ರಾಜಕುಮಾರಿಗಾಗಿ ಅಲ್ಲ, ಯಾರೂ ಅವಳನ್ನು ಗುರುತಿಸಬಾರದೆಂದು. ಅದೂ ನನಗೆ ಅಂದೇ ಗೊತ್ತಾಗಿತ್ತು.

ಜನ ಆ ಹಾಡನ್ನು ಹೊಗಳುವಾಗ, “ಎಷ್ಟು ವಿಚಿತ್ರ ಕಣಯ್ಯಾ, ಮನುಷ್ಯರ ದನಿ ಥರಾನೇ ಇಲ್ಲ” ಎನ್ನುತ್ತಾರೆ. ಈ ಇಪ್ಪತ್ತೈದು ವರ್ಷ ಅದನ್ನು ನನ್ನ ಕೆಲಸಕ್ಕೆ ಸಿಕ್ಕ ಮೆಚ್ಚುಗೆಯೆಂದು ತೆಗೆದುಕೊಂಡೆ.

ಆದ್ದರಿಂದ ನಿನ್ನನ್ನು ವಿಚಾರಿಸುವ ಅಧಿಕಾರ ನನಗಿಲ್ಲ. ದೋಣಿಯ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಫಲಕದ ವಿಷಯ ಮಾತ್ರ ಉಳಿದಿದೆ. ಅಕ್ಟೋಬರ್ ಇಪ್ಪತ್ತೆಂಟರಂದು ಅದನ್ನು ಚಿತ್ರೀಕರಿಸುತ್ತಾರೆ. ಅವಳ ಹೆಸರನ್ನು ಸೇರಿಸಲು ಸಿದ್ಧನಿದ್ದೇನೆ. ಕತ್ತರಿಸಿದವನು ನಾನೆಂದು ನಿರ್ಮಾಪಕರಿಗೆ ಬರೆದುಕೊಟ್ಟಾಗಿದೆ. ಆದರೆ ಅವಳ ತಾಯಿಗೆ ಆ ಹೆಸರು ಮೊದಲು ಪರದೆಯ ಮೇಲೆ ಕಾಣಬಾರದು. ನಿನ್ನ ಬಾಯಿಂದ ಕೇಳಬೇಕು.

ಎಂಡ್ರೆ

•

೧೬ ಅಕ್ಟೋಬರ್ ೧೯೮೮, ಭಾನುವಾರ
ಸ್ಕಾರ್ವೊಯ್

ಎಂಡ್ರೆ,

ನಿನ್ನೆ ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಯಂತ್ರವನ್ನೂ ಕ್ಯಾಸೆಟ್ಟನ್ನೂ ಚೀಲದಲ್ಲಿಟ್ಟುಕೊಂಡು ಮಾರೆನ್ ಮನೆಗೆ ಹೋದೆ. ಅವರು ಆಲೂಗಡ್ಡೆ ಸುಲಿಯುತ್ತಿದ್ದರು. ನಾನೂ ಒಂದು ಚಾಕು ತೆಗೆದುಕೊಂಡೆ. ಮೂರನೇ ಆಲೂಗಡ್ಡೆಗೆ ಕೇಳಿದೆ. ನಮ್ಮ ಮಾತನ್ನು ಆದಷ್ಟು ಇದ್ದಂತೆಯೇ ಬರೆಯುತ್ತೇನೆ.

“ಕ್ರಿಸ್ಮಸ್ ಹಿಂದಿನ ದಿನ ಕೊನೇ ಹಾಡಿಗೆ ಯಾಕೆ ಎದ್ದು ಹೋಗ್ತೀರಿ?”

“ಗಂಜಿ ತಳ ಹಿಡಿಯುತ್ತೆ.”

“ಹದಿನೆಂಟು ವರ್ಷಾನೂ ಅದೇ ನಾಲ್ಕು ನಿಮಿಷಕ್ಕಾ?”

ಅವರು ಚಾಕು ಕೆಳಗಿಟ್ಟರು. “ಅಲ್ಲೇ ಕೂತ್ರೆ ನಿನ್ನ ಮುಖ ಕಾಣುತ್ತೆ ಕಣೇ. ಅಡುಗೆಮನೆಗೆ ಹೋದ್ರೆ ಬರೀ ದನಿ ಬರುತ್ತೆ.”

ನಾನೂ ಚಾಕು ಕೆಳಗಿಟ್ಟೆ. ಅವರೇ ಮುಂದುವರಿಸಿದರು. ಮೊದಲ ಸಲ ಕೇಳಿದ್ದು ೧೯೬೪ರಲ್ಲಿ, ರೇಡಿಯೋದಲ್ಲಿ. ಹಸುವಿನ ಹಾಲು ಕರೆದು ಒಳಗೆ ಬರುತ್ತಿದ್ದರಂತೆ. “ನಮ್ಮ ಹುಡುಗೀದೇ ದನಿ. ಆದ್ರೆ ಉಸಿರೇ ಇಲ್ಲ. ಸಾಲು ಮುಗಿಯುತ್ತೆ, ಈಗ ಉಸಿರು ತಗೋತಾಳೆ ಅಂತ ಕಾಯ್ತೀನಿ, ತಗೊಳ್ಳೋದೇ ಇಲ್ಲ. ನೀರಿನೊಳಗಿಂದ ಹಾಡ್ತಿದ್ದಾಳೆ ಅನ್ನಿಸ್ತು. ಹಾಲಿನ ಪಾತ್ರೆ ಕೈ ಜಾರಿ ಬಿತ್ತು.”

“ಮತ್ತೆ ನಾನು ಬಂದಾಗ ನಿಮಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ಹೇಳೋಕೆ ಬಂದಿದ್ದಾಳೆ ಪಾಪ, ಅಂದ್ಕೊಂಡೆ. ಕಾಫಿ ಕೊಟ್ಟೆ. ನೀನು ಗಾಳಿ ವಿಷಯ ಮಾತಾಡ್ದೆ. ಎರಡನೇ ಲೋಟ ಕೊಟ್ಟೆ. ಮೀನು ವಿಷಯ ಮಾತಾಡ್ದೆ. ಇವಳಿಗೆ ಇನ್ನೊಂದು ದಿನ ಬೇಕೇನೋ ಅಂತ ಹಾಸಿಗೆ ಹಾಸಿಕೊಟ್ಟೆ. ನಿನ್ನಷ್ಟು ನಿಧಾನದವಳನ್ನ ನಾನು ಕಂಡಿಲ್ಲ.”

“ನೀವೇ ಕೇಳ್ಬಹುದಿತ್ತು.”

“ಕೇಳಿದ್ರೆ ನೀನು ಹೊರಟುಹೋಗ್ತಿದ್ದೆ. ಅವಳನ್ನ ಕೊನೇಗೆ ನೋಡಿದವ್ರಲ್ಲಿ ನನಗೆ ಸಿಕ್ಕಿರೋದು ನೀನೊಬ್ಬಳೇ.”

ಡಬ್ಬಿಯ ಮೇಲೆ ನನ್ನ ಹೆಸರು ಬಂದದ್ದನ್ನೂ, ಉಸಿರುಗಳನ್ನು ಕತ್ತರಿಸಿ ತೆಗೆದಿಟ್ಟು ಈಗ ಮರಳಿ ಸೇರಿಸಿದ್ದನ್ನೂ ಹೇಳಿ ನಾನು ಕ್ಯಾಸೆಟ್ ಹಾಕಿದೆ. ಎಂಡ್ರೆ, ಆ ಹಾಡಿನ ಬಗ್ಗೆ ನಿನಗೆ ನಾನು ಹೇಳಬೇಕಾದ್ದಿಲ್ಲ. ಮೊದಲ ಸಾಲಿಗೆ ಮುಂಚಿನ ಉಸಿರು ಬಂತು. ಅರ್ಧ ಎಳೆದು ನಿಂತಿತು. ಮಾರೆನ್‌ರ ಬಲಗೈ ಮೇಜಿನಿಂದ ಮೇಲೆದ್ದು, ಮಗುವಿನ ಬೆನ್ನು ತಟ್ಟಲು ಹೋದಂತೆ ಗಾಳಿಯಲ್ಲೇ ನಿಂತಿತು. ಉಳಿದರ್ಧ ಬಂದ ಮೇಲೆ ಇಳಿಯಿತು. ಪ್ರತಿ ಸಾಲಿಗೂ ಹಾಗೆಯೇ. ಅವರಿಗೆ ಅದು ತಿಳಿಯುತ್ತಿರಲಿಲ್ಲವೆಂದು ತೋರುತ್ತದೆ. ಅವರು ನೋಡುತ್ತಿದ್ದುದು ಕಿಟಕಿಯ ಕಡೆಗೆ. ಹಾಡು ಮುಗಿಯಿತು. ಆಮೇಲೆ, “ಆ ಕತ್ತರಿಸಿದವನ ಹೆಸರೇನು?” ಎಂದು ಕೇಳಿದರು. ಹೇಳಿದೆ. “ತುಂಡುಗಳನ್ನ ಬಿಸಾಕ್ಲಿಲ್ವಲ್ಲ” ಎಂದರು. ನಿನ್ನ ಬಗ್ಗೆ ಅಷ್ಟೇ ಹೇಳಿದರು. ಹೆಸರನ್ನು ಹಾಕಿಸು, ಪೂರ್ತಿ ಹಾಕಿಸು, ಮಾರೆನ್ ಮಗಳೆಂದು ತಿಳಿಯುವಂತೆ ಆಲ್ವಿಲ್ಡೆ ಮಾರೆನ್ಸ್‌ದತ್ತರ್ ನೆಸ್‌ಹೈಮ್ ಎಂದಿರಲಿ ಎಂದರು. ಅದು ಅವರ ಒಪ್ಪಿಗೆ. ಬೇರೆ ಕಾಗದದಲ್ಲಿ ಅವರ ಸಹಿ ಇದೆ, ಇದರೊಂದಿಗೆ ಕಳಿಸುತ್ತಿದ್ದೇನೆ.

ಪತ್ರ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

ನಾನು ಹೊರಡಲು ಎದ್ದಾಗ ಅವರು ಹೇಳಿದರು: “ನಿಂದೊಂದು ನೀನು ಹೇಳ್ದೆ, ನಂದೊಂದು ಕೇಳ್ಕೊ. ಅವಳು ಶುಕ್ರವಾರದ ದೋಣಿ ಹತ್ತಿದ್ದು ನನ್ನಿಂದ. ಹಂದಿ ಕಡಿಯೋಕೆ ಕೈ ಸಾಲದು, ಬೇಗ ಬಾ ಅಂತ ಬರೆದಿದ್ದೆ. ಹಂದಿಗೋಸ್ಕರ ಮಗಳನ್ನ ಕರೆಸ್ಕೊಂಡೆ, ಗುನ್ವೋರ್. ಆಮೇಲೆ ಈ ಮನೇಲಿ ಹಂದಿ ಸಾಕಿಲ್ಲ. ಯಾಕೆ ಅಂತ ಯಾರಿಗೂ ಹೇಳಿಲ್ಲ.”

ನಾನು ಅವರ ಭುಜ ಮುಟ್ಟಿದೆ, ಮನೆಗೆ ಬಂದೆ. ಏನೂ ಹೇಳಲಿಲ್ಲ.

ನೀನು ದೋಣಿಯ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಂಡೆ. ನಾನು ಉತ್ತರ ಕೊಡುತ್ತೇನೆ. ಹಂದಿಯ ವಿಷಯ ಮಾರೆನ್ ಬರೆದ ಆ ಕಾಗದ ನನಗೆ ಗೊತ್ತು. ಆಲ್ವಿಲ್ಡೆ ಅದನ್ನು ಬಣ್ಣ ಹಚ್ಚುವ ಕೋಣೆಯಲ್ಲಿ ನನಗೆ ಓದಿ ಹೇಳಿ ನಕ್ಕಿದ್ದಳು. “ನೋಡಿ ಅಕ್ಕಾ, ನಮ್ಮಮ್ಮಂಗೆ ನನಗಿಂತ ಹಂದೀದೇ ಚಿಂತೆ. ಇರ್ಲಿ ಬಿಡಿ, ಹಂದಿ ಇನ್ನೊಂದು ವಾರ ಬದುಕ್ಲಿ, ನಂಗೆ ಪಟ್ಟಣದಲ್ಲಿ ಭಾನುವಾರ ನೋಡ್ಬೇಕು.” ಅವಳಿಗೆ ಹೋಗುವ ಮನಸ್ಸಿರಲಿಲ್ಲ. ಸೋಮವಾರದವರೆಗೆ ಇರು, ನಿನ್ನ ಹಾಡು ಉಳಿಯುತ್ತದೆ, ಸಹಿ ಹಾಕಬೇಕು ಎಂದು ನಾನು ಅವಳಿಗೆ ಹೇಳಬೇಕಾಗಿತ್ತು. ನಾನು ಹೇಳಿದ್ದು ಬೇರೆ. “ನಿನ್ನ ಕೆಲಸ ಮುಗೀತು. ಸುಮ್ಮನೆ ಕೋಣೆ ಹಿಡ್ಕೊಂಡು ಕೂರ್ಬೇಡ ಅಂತ ಬುಗ್ಗೆ ಹೇಳಿದ್ರು. ಮಧ್ಯಾಹ್ನದ ದೋಣಿ ಸಿಗುತ್ತೆ ನೋಡು.” ಅವಳ ಮುಖ ಸಣ್ಣಗಾಯಿತು. “ಹಾಡು ಚೆನ್ನಾಗಿರ್ಲಿಲ್ವಾ?” ಎಂದಳು. “ನಮೂನೆಗೆ ಸಾಕಿತ್ತು” ಎಂದೆ.

ಎರಡು ದಿನ ಅವಳು ಕಣ್ಣಿಗೆ ಕಾಣದಿದ್ದರೆ, ಅಷ್ಟರಲ್ಲಿ ಗಂಟಲು ಸರಿಯಾದರೆ, ಶನಿವಾರ ನಾನೇ ಹಾಡಿ ಬುಗ್ಗೆಯ ಮನಸ್ಸು ತಿರುಗಿಸಬಹುದು ಎಂಬುದು ನನ್ನ ಲೆಕ್ಕ. ಅವಳಿಗೆ ಕೆಡುಕು ಬಯಸಿದವಳಲ್ಲ ಎಂದು ಹೇಳಿಕೊಳ್ಳುತ್ತಾ ಬಂದಿದ್ದೇನೆ. ಅದು ನಿಜವೂ ಹೌದು. ಅದರಿಂದ ಯಾರಿಗೂ ಏನೂ ಪ್ರಯೋಜನವಿಲ್ಲ.

ಇಷ್ಟು ದಿನ ನನಗೆ ಒಂದು ಸಮಾಧಾನವಿತ್ತು. ಈ ಮಾತು ಕೇಳಿದರೆ ಮುದುಕಿಗೆ ನೋವಾಗುತ್ತದೆ, ನಾನು ಸುಮ್ಮನಿರುವುದು ಅವರಿಗಾಗಿ ಎಂದುಕೊಳ್ಳುತ್ತಿದ್ದೆ. ನನ್ನ ಬಾಯಿಂದ ಬಂದ ಮಾತಿನ ತಪ್ಪನ್ನು ಇಪ್ಪತ್ತಾರು ವರ್ಷ ಅವರು ತಮ್ಮ ಕಾಗದದ್ದೆಂದು ಹೊತ್ತಿದ್ದಾರೆ. ನಲವತ್ತು ಹೆಜ್ಜೆ ದೂರದಲ್ಲಿ ನಾನು ಅವರ ಕಟ್ಟಿಗೆ ಒಡೆಯುತ್ತಿದ್ದೆ.

ಹೇಳಿದರೆ ಅವರು ನನ್ನನ್ನು ಮತ್ತೆ ಒಳಗೆ ಬಿಡದಿರಬಹುದು. ಬಿಡಬೇಕೆಂದು ನಾನು ಕೇಳುವಂತಿಲ್ಲ. ಅಂಗಡಿಯ ಕೆಲಸವನ್ನು ನೋಡಿಕೊಳ್ಳಲು ಒಡ್ಮುಂಡನ ಸೊಸೆಗೆ ಹೇಳಿಟ್ಟಿದ್ದೇನೆ. ನನ್ನ ಮನೆಯ ಬೀಗದ ಕೈ ಅವಳ ಬಳಿ ಇದೆ.

ಈಗ ಬೆಳಿಗ್ಗೆ ಹತ್ತೂಕಾಲು. ಮಾರೆನ್ ಪ್ರಾರ್ಥನೆಯನ್ನು ರೇಡಿಯೋದಲ್ಲಿ ಕೇಳುತ್ತಾರೆ, ಅದು ಹನ್ನೆರಡಕ್ಕೆ ಮುಗಿಯುತ್ತದೆ. ಮುಗಿದ ಮೇಲೆ ಹೋಗುತ್ತೇನೆ. ಹಾಡಿನ ಬಗ್ಗೆ ಮಾತಾಡುವುದಿಲ್ಲ, ಕ್ಷಮೆ ಕೇಳುವುದಿಲ್ಲ, ಕಾಫಿ ಕೊಟ್ಟರೆ ಕುಡಿಯುವುದಿಲ್ಲ. ನಿಂತುಕೊಂಡೇ, ಆಲ್ವಿಲ್ಡೆಗೆ ಅಂದು ನಾನು ಹೇಳಿದ ಮೂರು ಮಾತನ್ನು ಹೇಳಿದ ಹಾಗೇ ಹೇಳುತ್ತೇನೆ. ಆಮೇಲೆ ಅವರು ಹೇಳಿದಂತೆ.

ಗುನ್ವೋರ್